ಪ್ಲೇಗು, ರೈಲು ಮತ್ತು ಯಾತ್ರಿಕ

ನಮ್ಮ ಹಿರಿಯರಿಗೆ ಪ್ರಯಾಣವೆಂದರೆ ಯಾತ್ರೆ. ಊರು ನೋಡುವ ಆಸೆಯೊಂದಕ್ಕಾಗಿಯೇ ಊರು ಬಿಡುವುದು ಅವರಲ್ಲಿ ಬಹುಮಂದಿಗೆ ತಿಳಿಯದ ವಿಷಯ. ಕಾಶಿಗೆ ಹೊರಟವನು ಕೊಡಬೇಕಾದ ಸಾಲ ಕೊಟ್ಟು, ಬರಬೇಕಾದ ಸಾಲ ಬರೆದಿಟ್ಟು, ನೆಂಟರಿಷ್ಟರಿಗೆಲ್ಲ ಹೇಳಿ ಹೊರಡುತ್ತಿದ್ದನು. ಹಿಂದಿರುಗಿ ಬಂದರೆ ಊರಿಗೆಲ್ಲ ಸಮಾರಾಧನೆ. ಬಾರದಿದ್ದರೆ ಅದೂ ಪುಣ್ಯವೇ. ಕಾಶಿಗೆ ಹೋದವನು ಕಾಡಿಗೆ ಹೋದವನಿಗೆ ಸಮ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಈ ಯಾತ್ರೆಯ ಸ್ವರೂಪವನ್ನು ಬದಲಾಯಿಸಿದ್ದು ರೈಲು. 1853ರಲ್ಲಿ ಮುಂಬಯಿಗೂ ಠಾಣೆಗೂ ನಡುವೆ ಮೊದಲ ಪ್ರಯಾಣಿಕರ ಗಾಡಿ ಓಡಿದ ಕಾಲದಲ್ಲಿ, ಜಾತಿಮತಗಳ ಕಟ್ಟುಪಾಡಿನಲ್ಲಿ ಬೆಳೆದ ಈ ಜನ ಒಂದೇ ಡಬ್ಬಿಯಲ್ಲಿ ಮೈಗೆ ಮೈ ತಗಲಿಸಿಕೊಂಡು ಕುಳಿತಾರೆಯೇ ಎಂದು ಅನುಮಾನಪಟ್ಟವರಿದ್ದರು. ಜನ ಕುಳಿತರು, ಕೂರಲು ಜಾಗವಿಲ್ಲದಿದ್ದಾಗ ನಿಂತರು. 1900ರ ಹೊತ್ತಿಗೆ ಭಾರತದ ರೈಲುದಾರಿಯ ಉದ್ದ ಸುಮಾರು 40,000 ಕಿಲೋಮೀಟರ್ ಆಗಿತ್ತು. ಆ ಒಂದು ವರ್ಷದಲ್ಲಿ ಹದಿನೇಳು ಕೋಟಿಗೂ ಮಿಗಿಲಾದ ಪ್ರಯಾಣಗಳು ನಡೆದವು. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನ ಪ್ರಯಾಣಿಕರು ಮೂರನೆಯ ದರ್ಜೆಯವರು. ರೈಲ್ವೆ ಕಂಪೆನಿಗಳ ಆದಾಯದಲ್ಲಿ ಮಖಮಲ್ಲಿನ ಆಸನದ ಮೇಲೆ ಒರಗಿದ ದೊರೆಗಳ ಪಾಲು ಅಲ್ಪ. ಗಂಟುಮೂಟೆ ಕಟ್ಟಿಕೊಂಡು, ಬುತ್ತಿ ಹಿಡಿದುಕೊಂಡು, ಹಿಂದಿನ ರಾತ್ರಿಯೇ ಸ್ಟೇಷನ್ನಿಗೆ ಬಂದು ಮಲಗುತ್ತಿದ್ದ ಬಡಜನರ ಕಾಸಿನಿಂದಲೇ ಪ್ರಯಾಣಿಕರ ಗಾಡಿಗಳು ಓಡುತ್ತಿದ್ದವು.

ಟೂರಿಸಂ ಎಂಬ ಶಬ್ದ ಆಗ ನಮ್ಮಲ್ಲಿ ಇರಲಿಲ್ಲ. ಆದರೆ ಆ ಉದ್ಯಮ ಇತ್ತು. ಕಾಶಿ, ಗಯೆ, ಪುರಿ, ಹರಿದ್ವಾರಗಳ ಪಂಡಾಗಳು ಯಾವ ಸೀಮೆಯ ಯಾವ ಮನೆತನ ತಮ್ಮ ಪಾಲಿನದು ಎಂದು ತಲೆಮಾರುಗಳ ವಹಿ ಇಟ್ಟಿದ್ದರು. ಪುರಿಯ ಪಂಡಾಗಳ ಏಜೆಂಟರು ದೂರದ ಹಳ್ಳಿಗಳಿಗೆ ಹೋಗಿ ಯಾತ್ರಿಕರ ತಂಡ ಕಟ್ಟಿ ಕರೆತರುತ್ತಿದ್ದರು. ಛತ್ರದವನು, ಎತ್ತಿನ ಗಾಡಿಯವನು, ದೋಣಿಯವನು, ಕುಂಕುಮ ಹೂವು ಮಾರುವವಳು, ತಂಬಿಗೆಯಲ್ಲಿ ಗಂಗೆ ತುಂಬಿ ಬೆಸುಗೆ ಹಾಕುವ ಕಂಚುಗಾರ, ಇಷ್ಟು ಮಂದಿಯ ಅನ್ನ ಯಾತ್ರಿಕನ ಕಾಲಿನಲ್ಲಿತ್ತು. ಮಕ್ಕೆಗೆ ಹೊರಟ ಮುಸಲ್ಮಾನ ಯಾತ್ರಿಕರಿಗಾಗಿ ಮುಂಬಯಿಯ ಬಂದರಿನಲ್ಲಿ ಹಡಗಿನ ದಳ್ಳಾಳಿಗಳ ಒಂದು ಲೋಕವೇ ಇತ್ತು. 1886ರಲ್ಲಿ ಭಾರತ ಸರ್ಕಾರ ಈ ಹಜ್ ಪ್ರಯಾಣದ ವ್ಯವಸ್ಥೆಯನ್ನು ಇಂಗ್ಲೆಂಡಿನ ಪ್ರಸಿದ್ಧ ಥಾಮಸ್ ಕುಕ್ ಕಂಪೆನಿಗೆ ಒಪ್ಪಿಸಿತು. ಸ್ವಿಟ್ಜರ್ಲೆಂಡಿನ ಹಿಮವನ್ನೂ ಈಜಿಪ್ಟಿನ ಪಿರಮಿಡ್ಡುಗಳನ್ನೂ ಸಾಹುಕಾರರಿಗೆ ತೋರಿಸಿ ಹೆಸರಾದ ಆ ಕಂಪೆನಿಗೆ ಬಡ ಹಾಜಿಗಳ ವ್ಯವಹಾರದಲ್ಲಿ ನಷ್ಟವೇ ಆಯಿತು. ಕೆಲವೇ ವರ್ಷಗಳಲ್ಲಿ ಅದು ಕೈತೊಳೆದುಕೊಂಡಿತು.

ಯಾತ್ರೆಗೂ ರೋಗಕ್ಕೂ ನಂಟಿದೆ ಎಂಬ ಮಾತು ಅಷ್ಟರಲ್ಲಿ ಬಲವಾಗಿತ್ತು. ಅದಕ್ಕೆ ಕಾರಣ ಕಾಲರಾ. 1865ರಲ್ಲಿ ಮಕ್ಕೆಯಲ್ಲಿ ಕಾಲರಾ ಹರಡಿ, ಸುಮಾರು ತೊಂಬತ್ತು ಸಾವಿರ ಯಾತ್ರಿಕರಲ್ಲಿ ಹದಿನೈದು ಸಾವಿರ ಮಂದಿ ಸತ್ತರೆಂದು ಅಂದಾಜು. ಅಲ್ಲಿಂದ ಸುಯೆಜ್, ಅಲೆಕ್ಸಾಂಡ್ರಿಯಗಳ ದಾರಿಯಾಗಿ ಅದು ಯೂರೋಪನ್ನು ತಲಪಿತು. ಮರುವರ್ಷ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನ ರೋಗದ ತವರು ಭಾರತವೆಂದು, ಅದನ್ನು ಹರಡುವ ದೊಡ್ಡ ಸಾಧನ ತೀರ್ಥಯಾತ್ರೆಯೆಂದು ತೀರ್ಮಾನಿಸಿತು. 1867ರ ಹರಿದ್ವಾರದ ಕುಂಭಮೇಳದಿಂದ ಚದುರಿದ ಜನರೊಡನೆ ಉತ್ತರ ಭಾರತದಲ್ಲೆಲ್ಲ ಕಾಲರಾ ನಡೆದಾಗ ಆ ತೀರ್ಮಾನಕ್ಕೆ ಇನ್ನೊಂದು ಸಾಕ್ಷಿ ದೊರಕಿದಂತಾಯಿತು. ಕಾಲರಾ ಕೊಳಕು ನೀರಿನಿಂದ ಬರುವುದು. ಲಕ್ಷಾಂತರ ಮಂದಿ ಸೇರುವಲ್ಲಿ ನೀರು ಕೊಳಕಾಗುವುದು. ಆದ್ದರಿಂದ ಈ ಅನುಮಾನದಲ್ಲಿ ಸತ್ಯವಿತ್ತು. ಆದರೆ ಅನುಮಾನಕ್ಕೆ ಒಂದು ಗುಣವಿದೆ: ಒಂದು ರೋಗದ ವಿಷಯದಲ್ಲಿ ನಿಜವಾದದ್ದನ್ನು ಅದು ಮುಂದಿನ ರೋಗಕ್ಕೂ ಹಾಗೆಯೇ ಅಂಟಿಸಿಬಿಡುತ್ತದೆ.

ಮುಂದಿನ ರೋಗ ಬಂದದ್ದು ಚೀನದಿಂದ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಪ್ಲೇಗು ಕಾಣಿಸಿಕೊಂಡಿತು. ಅದೇ ವರ್ಷ ಅಲ್ಲಿಯೇ ಯೆರ್ಸಿನ್ ಎಂಬ ವಿಜ್ಞಾನಿ ಅದರ ರೋಗಾಣುವನ್ನು ಗುರುತಿಸಿದನು. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ವೈದ್ಯ ಅಕಾಸಿಯೊ ವೀಗಸ್ ಅದೇ ರೋಗವನ್ನು ಕಂಡುಹಿಡಿದರು. ಮಾಂಡವಿ ಬಂದರಿನ ಪಕ್ಕದ ಕೇರಿ; ದವಸಧಾನ್ಯದ ದೊಡ್ಡ ಉಗ್ರಾಣಗಳ ಕೇರಿ. ಅಲ್ಲಿನ ಉಗ್ರಾಣಗಳಲ್ಲಿ ಇಲಿಗಳು ಸತ್ತು ಬೀಳುತ್ತಿದ್ದುದನ್ನು ಜನ ನೋಡಿದ್ದರು. ಈ ಸಂಗತಿಯನ್ನು ಕೇಳುಗರು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದೆ ಇದಕ್ಕೆ ಮತ್ತೆ ಬರುತ್ತೇನೆ.

ಎಂಟು ಲಕ್ಷ ಜನರಿದ್ದ ಮುಂಬಯಿ ನಗರದಿಂದ ಮುಂದಿನ ಐದಾರು ತಿಂಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಓಡಿಹೋದರು. ರೈಲು, ಹಡಗು, ದೋಣಿ, ಕಾಲುದಾರಿ, ಯಾವುದು ಸಿಕ್ಕಿದರೆ ಅದು. ಸರ್ಕಾರ ಗಾಬರಿಗೊಂಡಿತು. 1897ರ ಫೆಬ್ರವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂದಿತು. ಕಾಯಿದೆ ಬಹಳ ಸಣ್ಣದು, ಅದರ ಅಧಿಕಾರ ಬಹಳ ದೊಡ್ಡದು. ರೈಲಿನಲ್ಲಿಯಾಗಲಿ ಬೇರೆ ಯಾವ ರೀತಿಯಲ್ಲಿಯಾಗಲಿ ಪ್ರಯಾಣ ಮಾಡುವವರನ್ನು ಪರೀಕ್ಷಿಸುವುದು, ರೋಗದ ಸಂಶಯವಿದ್ದವರನ್ನು ಬೇರೆಯಾಗಿ ಇಡುವುದು ಎಂಬ ಮಾತು ಅದರಲ್ಲಿ ಸ್ಪಷ್ಟವಾಗಿಯೇ ಇದೆ. ಇದೇ ಕಾಯಿದೆಯನ್ನು ನೂರಿಪ್ಪತ್ತಮೂರು ವರ್ಷಗಳ ಮೇಲೆ, 2020ರಲ್ಲಿ, ನಮ್ಮ ರಾಜ್ಯ ಸರ್ಕಾರಗಳು ಮತ್ತೆ ಹೊರತೆಗೆದವು.

ಮೊದಲ ಪೆಟ್ಟು ಬಿದ್ದದ್ದು ಹಜ್ ಯಾತ್ರಿಕರಿಗೆ. 1897ರಲ್ಲಿ ವೆನಿಸ್ ನಗರದಲ್ಲಿ ಯೂರೋಪಿನ ರಾಷ್ಟ್ರಗಳು ಪ್ಲೇಗಿನ ವಿಷಯವಾಗಿ ಸಮ್ಮೇಳನ ಸೇರಿದವು. ಭಾರತದ ಬಂದರುಗಳಿಂದ ಬರುವ ಹಡಗುಗಳನ್ನೂ ಸರಕನ್ನೂ ಯೂರೋಪು ತಡೆದುಬಿಟ್ಟರೆ ಬ್ರಿಟಿಷರ ವಾಣಿಜ್ಯದ ಗತಿಯೇನು? ಅದನ್ನು ಉಳಿಸಿಕೊಳ್ಳಬೇಕಾದರೆ ಏನನ್ನಾದರೂ ಬಿಟ್ಟುಕೊಡಬೇಕಾಗಿತ್ತು. ಭಾರತ ಸರ್ಕಾರ ಬಿಟ್ಟುಕೊಟ್ಟಿದ್ದು ಆ ವರ್ಷದ ಹಜ್ ಯಾತ್ರೆಯನ್ನು. ರಾಣಿಯ 1858ರ ಘೋಷಣೆಯಾದಂದಿನಿಂದ ಪ್ರಜೆಗಳ ಧರ್ಮಾಚರಣೆಯಲ್ಲಿ ಕೈಹಾಕುವುದಿಲ್ಲವೆಂದು ಹೇಳಿಕೊಂಡು ಬಂದ ಸರ್ಕಾರಕ್ಕೆ ಇದು ಸುಲಭದ ತೀರ್ಮಾನವಾಗಿರಲಿಲ್ಲವೆಂಬುದು ನಿಜ. ಆದರೂ ಅಂಥ ತಕ್ಕಡಿಯಲ್ಲಿ ಯಾತ್ರಿಕನನ್ನೂ ಹತ್ತಿಯ ಮೂಟೆಯನ್ನೂ ಇಟ್ಟಾಗ ಯಾವ ತಟ್ಟೆ ಕೆಳಗಿಳಿಯಿತೆಂಬುದನ್ನು ಮರೆಯಬಾರದು. ಜೀವಮಾನವೆಲ್ಲ ಕೂಡಿಟ್ಟ ಹಣವನ್ನು ಸೊಂಟಕ್ಕೆ ಕಟ್ಟಿಕೊಂಡು ಹೊರಡಬೇಕೆಂದಿದ್ದ ಮುದುಕರಿಗೆ ಒಂದು ವರ್ಷದ ತಡೆ ಎಂದರೆ ಹಲವೊಮ್ಮೆ ಕೊನೆಯ ತಡೆ.

ದೇಶದೊಳಗಿನ ಪ್ರಯಾಣಿಕನ ಅನುಭವ ಬೇರೆ ಬಗೆಯದು. ಅವನ ಗಾಡಿ ನಿಲ್ಲಲಿಲ್ಲ. ಗಾಡಿಯಿಂದ ಅವನನ್ನು ಇಳಿಸಿದರು. ಗೊತ್ತಾದ ಸ್ಟೇಷನ್ನುಗಳಲ್ಲಿ ಮೂರನೆಯ ದರ್ಜೆಯವರೆಲ್ಲ ಪ್ಲಾಟ್‌ಫಾರಮ್ಮಿನ ಮೇಲೆ ಸಾಲಾಗಿ ನಿಲ್ಲಬೇಕು. ವೈದ್ಯ ಬಂದು ಮುಖ ನೋಡುವನು, ನಾಡಿ ಹಿಡಿಯುವನು, ಸಂಶಯ ಬಂದರೆ ಕಂಕುಳನ್ನೂ ತೊಡೆಸಂದನ್ನೂ ಮುಟ್ಟಿ ಗೆಡ್ಡೆಯಿದೆಯೇ ಎಂದು ನೋಡುವನು. ಮೈ ಬೆಚ್ಚಗಿದ್ದರೆ ತೀರಿತು. ಕಾರಣ ಮಲೇರಿಯವಾಗಿರಲಿ ಬಿಸಿಲಾಗಿರಲಿ, ದಾರಿ ನೇರವಾಗಿ ಕ್ಯಾಂಪಿಗೆ. ಹಾಸಿಗೆ ಬಟ್ಟೆಗಳನ್ನು ಕುದಿಸುವರು, ಇಲ್ಲವೆ ಔಷಧದ ನೀರಿನಲ್ಲಿ ಅದ್ದುವರು. ಮೊದಲ ಮತ್ತು ಎರಡನೆಯ ದರ್ಜೆಯವರನ್ನು ಅವರವರ ಡಬ್ಬಿಯಲ್ಲಿಯೇ, ಅವರ ಮರ್ಯಾದೆಗೆ ಕುಂದು ಬಾರದಂತೆ ನೋಡಿ ಮುಗಿಸುವರು. ಪ್ಲೇಗಿನ ರೋಗಾಣು ಟಿಕೆಟ್ಟಿನ ಬಣ್ಣ ನೋಡಿ ಹತ್ತುತ್ತದೆಯೆಂದು ಯಾವ ವೈದ್ಯಗ್ರಂಥವೂ ಹೇಳಿರಲಿಲ್ಲ.

ಇದರಲ್ಲಿ ಜನಕ್ಕೆ ತಡೆಯಲಾರದೆ ಹೋದದ್ದು ಹೆಂಗಸರ ಪರೀಕ್ಷೆ. ಪರಪುರುಷನ ಎದುರಿಗೆ ಸೆರಗು ಸರಿಸದ ಹೆಣ್ಣುಮಕ್ಕಳನ್ನು ನಾಲ್ಕು ಜನರ ಕಣ್ಣೆದುರು ಬಿಸಿಲಿನಲ್ಲಿ ನಿಲ್ಲಿಸಿ ಮುಟ್ಟಿ ನೋಡುವುದೆಂದರೆ ಅದು ಸಾವಿಗಿಂತ ದೊಡ್ಡ ಅವಮಾನವೆಂದು ಅನೇಕರು ತಿಳಿದರು. ಪತ್ರಿಕೆಗಳಲ್ಲಿ ದೂರುಗಳು ಬಂದವು, ಅರ್ಜಿಗಳು ಹೋದವು. ಕೆಲವು ಕಡೆ ಪರದೆ ಕಟ್ಟಿಸಿದರು, ಲೇಡಿ ಡಾಕ್ಟರುಗಳನ್ನು ನೇಮಿಸಿದರು. ತೀರ್ಥಕ್ಷೇತ್ರಗಳ ಜಾತ್ರೆಯ ಸಮಯದಲ್ಲಿ ಆ ಊರಿಗೆ ಟಿಕೆಟ್ಟು ಕೊಡುವುದನ್ನೇ ನಿಲ್ಲಿಸುವ ಉಪಾಯವೂ ಬಳಕೆಗೆ ಬಂದಿತು. ಈ ಉಪಾಯದ ಮಿತಿಯನ್ನು ನೋಡಬೇಕಾದರೆ ಪಂಢರಪುರವನ್ನು ನೆನೆಯಬಹುದು. ವಿಜಾಪುರ, ಬೆಳಗಾವಿ, ಧಾರವಾಡಗಳ ಕನ್ನಡಿಗರಿಗೂ ಆ ವಿಠ್ಠಲ ಮನೆದೇವರಂತೆ. 1897ರಲ್ಲಿ ಆ ಊರಿಗೆ ರೈಲೇ ಬಂದಿರಲಿಲ್ಲ. ವಾರಕರಿಗಳು ತಾಳ ಹಿಡಿದು ನಡೆದೇ ಹೋಗುವವರು. ಟಿಕೆಟ್ಟಿಲ್ಲದೆ ನಡೆಯುವವನನ್ನು ಟಿಕೆಟ್ಟಿನ ಕಿಟಕಿಯಲ್ಲಿ ತಡೆಯುವುದು ಹೇಗೆ?

ರೋಗದ ಹೆಸರಿನಲ್ಲಿ ಬೇರೆ ಲೆಕ್ಕಗಳನ್ನು ತೀರಿಸಿಕೊಂಡದ್ದೂ ಉಂಟು. 1896ರ ಡಿಸೆಂಬರ್ 18ರಂದು ಮುಂಬಯಿಯಿಂದ ಹೊರಟ ಕೋರ್ಲೆಂಡ್ ಮತ್ತು ನಾದಿರಿ ಎಂಬ ಎರಡು ಹಡಗುಗಳು ದಕ್ಷಿಣ ಆಫ್ರಿಕದ ಡರ್ಬನ್ ಬಂದರಿಗೆ ಬಂದವು. ಕೋರ್ಲೆಂಡ್ ಹಡಗಿನಲ್ಲಿ ಹೆಂಡತಿ ಮಕ್ಕಳೊಡನೆ ಮೋಹನದಾಸ ಗಾಂಧಿ ಎಂಬ ಇಪ್ಪತ್ತೇಳು ವರ್ಷದ ಬ್ಯಾರಿಸ್ಟರ್ ಇದ್ದರು. ಮುಂಬಯಿಯಲ್ಲಿ ಪ್ಲೇಗು ಇದೆಯೆಂಬ ಕಾರಣ ಮುಂದೊಡ್ಡಿ ಆ ಹಡಗುಗಳನ್ನು ದಿನದ ಮೇಲೆ ದಿನ ಸಮುದ್ರದಲ್ಲಿಯೇ ನಿಲ್ಲಿಸಿದರು. ದಡದ ಮೇಲೆ ಬಿಳಿಯರ ಸಭೆಗಳು ಸೇರುತ್ತಿದ್ದವು. ಬಂದ ಭಾರತೀಯರು ಬಂದ ಹಡಗಿನಲ್ಲಿಯೇ ಹಿಂದಿರುಗಬೇಕೆಂಬುದು ಅವರ ಹಟ. ಪ್ರಯಾಣಿಕರು ಇಳಿದದ್ದು 1897ರ ಜನವರಿ 13ರಂದು. ಅಂದು ಗಾಂಧಿಯವರ ಮೇಲೆ ಬಿದ್ದ ಕಲ್ಲು, ಒದೆಗಳ ಕಥೆ ಎಲ್ಲರಿಗೂ ತಿಳಿದದ್ದೇ. ಹಡಗಿನಲ್ಲಿ ಯಾರಿಗೂ ಪ್ಲೇಗು ಇರಲಿಲ್ಲ.

ಇನ್ನು ನಮ್ಮ ಕಡೆಯ ಮಾತು. ಆಗ ಕನ್ನಡನಾಡು ಒಂದಲ್ಲ. ಹುಬ್ಬಳ್ಳಿ ಮುಂಬಯಿ ಪ್ರಾಂತಕ್ಕೆ ಸೇರಿದ್ದು, ಬಳ್ಳಾರಿ ಮದರಾಸು ಪ್ರಾಂತಕ್ಕೆ, ಬೆಂಗಳೂರು ಮೈಸೂರು ಸಂಸ್ಥಾನಕ್ಕೆ. ಈ ಮೂರನ್ನೂ ಹೊಲಿದಿದ್ದ ದಾರ ಸದರ್ನ್ ಮರಾಠಾ ರೈಲ್ವೆ. ಅದರ ದೊಡ್ಡ ಕಾರ್ಖಾನೆಯಿದ್ದದ್ದು ಹುಬ್ಬಳ್ಳಿಯಲ್ಲಿ. ಪ್ಲೇಗು ಇಳಿದು ಬಂದದ್ದೂ ಅದೇ ದಾರಿಯಲ್ಲಿ. 1898ರಲ್ಲಿ ಹುಬ್ಬಳ್ಳಿ, ಧಾರವಾಡಗಳು ಅದಕ್ಕೆ ತುತ್ತಾದವು. ಆ ವರ್ಷದ ಆಗಸ್ಟಿನಲ್ಲಿ ಬೆಂಗಳೂರಿಗೆ ಅದು ಬಂದದ್ದು ಹುಬ್ಬಳ್ಳಿಯ ಕಡೆಯಿಂದ ಬಂದ ರೈಲಿನೊಡನೆ ಎಂದು ಹೇಳುತ್ತಾರೆ. ಮೈಸೂರು ಸರ್ಕಾರ ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರಾಗಿ ನೇಮಿಸಿತು. ಮುಂದೆ ಅವರೇ ದಿವಾನರಾದರು. ಇಕ್ಕಟ್ಟಾದ ಪೇಟೆಯಿಂದ ಹೊರಗೆ ಜನರನ್ನು ಕರೆತರಬೇಕೆಂಬ ಯೋಚನೆಗೆ ಒತ್ತಾಸೆ ದೊರೆತು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದವು. ಊರ ಅಂಚಿನಲ್ಲಿ ಪ್ಲೇಗಿನ ಮಾರಮ್ಮನ ಗುಡಿಗಳೂ ಎದ್ದವು.

ಮದರಾಸು ಪ್ರಾಂತ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಪಾಸ್‌ಪೋರ್ಟಿನ ಪದ್ಧತಿಯನ್ನೇ ತಂದಿತು. ಪ್ಲೇಗಿರುವ ಪ್ರದೇಶದಿಂದ ಬಂದವನು ತಾನು ಎಲ್ಲಿಗೆ ಹೋಗುತ್ತೇನೆ, ಯಾರ ಮನೆಯಲ್ಲಿ ಇಳಿಯುತ್ತೇನೆ ಎಂದು ಬರೆಸಿ ಚೀಟಿ ಪಡೆಯಬೇಕು. ಹೋದ ಊರಿನಲ್ಲಿ ಹತ್ತು ದಿನ ತಪ್ಪದೆ ಅಧಿಕಾರಿಗಳ ಎದುರಿಗೆ ಹಾಜರಾಗಿ ಮುಖ ತೋರಿಸಬೇಕು. ಹೀಗಾಗಿ ಹುಬ್ಬಳ್ಳಿಯ ತಂದೆ ಬಳ್ಳಾರಿಯಲ್ಲಿದ್ದ ಮಗಳ ಮನೆಗೆ ಬಾಣಂತನ ನೋಡಲು ಹೋಗಬೇಕಾದರೆ ಪರದೇಶಕ್ಕೆ ಹೊರಟಂತಾಯಿತು. ಮದರಾಸು ಪ್ರಾಂತದಲ್ಲಿ ಮುಂಬಯಿ, ಪಂಜಾಬುಗಳಿಗಿಂತ ಸಾವು ಬಹಳ ಕಡಮೆಯಾಯಿತೆಂಬುದು ದಿಟ. ಅಧಿಕಾರಿಗಳು ಅದನ್ನು ತಮ್ಮ ಚೀಟಿಯ ಮಹಿಮೆಯೆಂದು ತಿಳಿದರು. ಅಲ್ಲಿನ ಇಲಿಗಳ ಮೈಮೇಲಿರುವ ಚಿಗಟ ಬೇರೆ ಜಾತಿಯದು, ಪ್ಲೇಗನ್ನು ದಾಟಿಸುವುದರಲ್ಲಿ ಅದು ಅಷ್ಟು ಸಮರ್ಥವಲ್ಲ ಎಂಬ ವಿವರಣೆಯನ್ನು ವಿಜ್ಞಾನಿಗಳು ಕೊಟ್ಟದ್ದು 1913ರ ತರುವಾಯ.

ಈ ಕಾಲದ ಇನ್ನೊಂದು ಕಾಗದವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ರಷ್ಯದಲ್ಲಿ ಹುಟ್ಟಿದ ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗಿಗೆ ಲಸಿಕೆ ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡನು. ಮರುವರ್ಷ ಐವತ್ತು ಸಾವಿರ ಜನಸಂಖ್ಯೆಯ ಹುಬ್ಬಳ್ಳಿಯಲ್ಲಿ ಮೂವತ್ತೈದು ಸಾವಿರಕ್ಕೂ ಹೆಚ್ಚು ಮಂದಿಗೆ ಆ ಚುಚ್ಚುಮದ್ದು ಹಾಕಿದರು. ಇಷ್ಟು ದೊಡ್ಡ ಪ್ರಮಾಣದ ಕೆಲಸ ಆ ಕಾಲದಲ್ಲಿ ಬೇರೆಡೆ ವಿರಳ. ಚುಚ್ಚಿಸಿಕೊಂಡವರಿಗೆ ಒಂದು ಸರ್ಟಿಫಿಕೇಟು. ಅದು ಕೈಯಲ್ಲಿದ್ದರೆ ಪ್ರಯಾಣದ ಮತ್ತು ಪ್ರತ್ಯೇಕವಾಸದ ಹಲವು ನಿರ್ಬಂಧಗಳಿಂದ ಬಿಡುಗಡೆ. ಹೆದರಿ ದೂರ ನಿಂತವರಲ್ಲಿ ಎಷ್ಟೋ ಜನ ತೋಳೊಡ್ಡಿದ್ದು ಪ್ಲೇಗಿನ ಭಯಕ್ಕಿಂತ ಹೆಚ್ಚಾಗಿ ಈ ಕಾಗದದ ಆಸೆಯಿಂದ ಇದ್ದರೂ ಇರಬಹುದು.

ಈಗ ಮಾಂಡವಿಯ ಇಲಿಗಳಿಗೆ ಬರೋಣ. ಪ್ಲೇಗು ಹೇಗೆ ಹರಡುತ್ತದೆ ಎಂಬುದು 1897ರಲ್ಲಿ ಯಾರಿಗೂ ಖಚಿತವಾಗಿ ತಿಳಿದಿರಲಿಲ್ಲ. ನೆಲ, ಕೊಳೆ, ಉಸಿರು, ಬಟ್ಟೆ, ಸ್ಪರ್ಶ, ಎಲ್ಲದರ ಮೇಲೆಯೂ ಅನುಮಾನ. 1898ರ ಜೂನಿನಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೊಂ ಎಂಬ ಫ್ರೆಂಚ್ ವೈದ್ಯನು ಒಂದು ಗಾಜಿನ ಭರಣಿಯಲ್ಲಿ ರೋಗ ಬಂದ ಇಲಿಯನ್ನೂ, ಅದಕ್ಕೆ ತಾಗದಂತೆ ಬಲೆಯಲ್ಲಿ ತೂಗಹಾಕಿದ ಆರೋಗ್ಯವಾದ ಇಲಿಯನ್ನೂ ಇಟ್ಟು ನೋಡಿದನು. ರೋಗದ ಇಲಿ ಸತ್ತಿತು. ಅದರ ಮೈಯಿಂದ ಚಿಗಟಗಳು ಎರಡನೆಯದರ ಮೇಲೆ ಹಾರಿದವು. ಕೆಲವು ದಿನಗಳಲ್ಲಿ ಅದೂ ಸತ್ತಿತು. ಪ್ಲೇಗನ್ನು ಹೊತ್ತು ತಿರುಗುವ ವಾಹನ ಚಿಗಟವೆಂದು ಅವನು ಬರೆದನು. ಸರ್ಕಾರ ನೇಮಿಸಿದ ಭಾರತೀಯ ಪ್ಲೇಗ್ ಕಮಿಷನ್ನು ಆ ಮಾತನ್ನು ಬದಿಗೆ ತಳ್ಳಿತು. 1905ರಲ್ಲಿ ಆರಂಭವಾದ ಹೊಸ ಸಂಶೋಧನೆಗಳು ಮುಂಬಯಿಯ ಪರೇಲಿನ ಪ್ರಯೋಗಾಲಯದಲ್ಲಿ ನಡೆದು, ಸಿಮೊಂ ಹೇಳಿದ್ದೇ ಸರಿಯೆಂದು ಸಂದೇಹಕ್ಕೆಡೆಯಿಲ್ಲದಂತೆ ತೋರಿಸಿದವು.

ಇದರ ಅರ್ಥವನ್ನು ಸ್ವಲ್ಪ ಯೋಚಿಸಿ. ಗೆಡ್ಡೆಯ ಪ್ಲೇಗು ಒಬ್ಬ ಮನುಷ್ಯನಿಂದ ಇನ್ನೊಬ್ಬ ಮನುಷ್ಯನಿಗೆ ನೇರವಾಗಿ ಅಂಟುವುದು ಅಪರೂಪ. ಪ್ರಯಾಣಿಕನ ಹಾಸಿಗೆಯಲ್ಲಿ, ಗಂಟಿನಲ್ಲಿ ಚಿಗಟ ಹೋಗುವ ಸಾಧ್ಯತೆಯಿತ್ತು. ಆದ್ದರಿಂದ ಬಟ್ಟೆ ಕುದಿಸಿದ್ದು ಪೂರ್ತಿ ವ್ಯರ್ಥವಲ್ಲ. ಆದರೆ ಇಲಿಗಳಿಗೂ ಅವುಗಳ ಚಿಗಟಗಳಿಗೂ ಸುಖಪ್ರಯಾಣದ ಏರ್ಪಾಡಿದ್ದುದು ಗೂಡ್ಸ್ ಗಾಡಿಯಲ್ಲಿ, ದವಸದ ಚೀಲಗಳ ನಡುವೆ. ಆ ವರ್ಷಗಳು ಬರಗಾಲದ ವರ್ಷಗಳೂ ಆಗಿದ್ದವು: 1896-97ರಲ್ಲಿ ಒಂದು, 1899-1900ರಲ್ಲಿ ಇನ್ನೊಂದು. ದೇಶದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಧಾನ್ಯ ಸಾಗುತ್ತಲೇ ಇತ್ತು. ಆ ಗಾಡಿಗಳನ್ನು ನಿಲ್ಲಿಸುವುದು ಸಾಧ್ಯವೂ ಇರಲಿಲ್ಲ, ನಿಲ್ಲಿಸಿದ್ದರೆ ನ್ಯಾಯವೂ ಆಗುತ್ತಿರಲಿಲ್ಲ. ಹಾಗಾಗಿ ಪ್ಲಾಟ್‌ಫಾರಮ್ಮಿನ 'ಈ' ಬದಿಯಲ್ಲಿ ಒಬ್ಬ ರೈತನ ಹೆಂಡತಿ ಕಣ್ಣೀರು ತುಂಬಿಕೊಂಡು ವೈದ್ಯನ ಮುಂದೆ ನಿಂತಿರುವಾಗ 'ಆ' ಬದಿಯಲ್ಲಿ ನಿಜವಾದ ಪ್ರಯಾಣಿಕ ಯಾರ ತಪಾಸಣೆಯೂ ಇಲ್ಲದೆ ಮುಂದಿನ ಊರಿಗೆ ಹೋಗುತ್ತಿದ್ದನೆಂದು ಊಹಿಸಿದರೆ ಅತಿಶಯೋಕ್ತಿಯಾಗಲಾರದು.

ಇಲ್ಲಿ ಹಳ್ಳಿಯವರ ತಿಳಿವಳಿಕೆಯನ್ನು ಹೇಳದೆ ಹೋದರೆ ಅನ್ಯಾಯವಾದೀತು. 'ಇಲಿ ಬಿತ್ತು' ಎಂಬ ಎರಡು ಶಬ್ದ ಕೇಳಿದೊಡನೆ ಊರಿಗೆ ಊರೇ ಮನೆಗೆ ಬೀಗ ಹಾಕಿ, ಹೊಲಗಳಲ್ಲಿ ಸೋಗೆಯ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದುದನ್ನು ಕೇಳುಗರಲ್ಲಿ ವಯಸ್ಸಾದವರು ತಮ್ಮ ತಂದೆತಾಯಿಗಳ ಬಾಯಿಂದ ಕೇಳಿರಬಹುದು. ಭೈರಪ್ಪನವರ 'ಗೃಹಭಂಗ'ವನ್ನು ಓದಿದವರಿಗೆ ಆ ಗುಡಿಸಲುಗಳ ಪರಿಚಯವಿದೆ. ಹಿಮಾಲಯದ ಕುಮಾವೂ, ಗಢವಾಲಗಳ ಹಳ್ಳಿಗಳಲ್ಲಿಯೂ ಇದೇ ರೂಢಿ. ಸರ್ಕಾರ ಜನರನ್ನು ಚಲಿಸದಂತೆ ತಡೆಯಲು ಹೆಣಗುತ್ತಿದ್ದಾಗ, ಜನ ಇಲಿಯಿದ್ದ ಮನೆಯಿಂದ ದೂರ ಚಲಿಸಿಯೇ ಬದುಕಿಕೊಳ್ಳುತ್ತಿದ್ದರು. ಅನಂತಮೂರ್ತಿಯವರ 'ಸಂಸ್ಕಾರ'ದಲ್ಲಿ ಪ್ಲೇಗು ಅಗ್ರಹಾರಕ್ಕೆ ಬರುವುದು ಶಿವಮೊಗ್ಗೆಗೆ ಹೋಗಿ ಬಂದ ನಾರಣಪ್ಪನೊಡನೆ. ರೋಗವನ್ನು ಪ್ರಯಾಣದೊಂದಿಗೂ, ಪ್ರಯಾಣವನ್ನು ಮಡಿಗೇಡಿತನದೊಂದಿಗೂ ಕೂಡಿಸಿ ನೋಡುವ ಮನಸ್ಸು ಸರ್ಕಾರಿ ವೈದ್ಯರದ್ದು ಮಾತ್ರವಾಗಿರಲಿಲ್ಲ.

ಪರೀಕ್ಷೆಯ ಈ ವೈಭವ ಬಹಳ ವರ್ಷ ನಡೆಯಲಿಲ್ಲ. 1897ರ ಜೂನ್ 22ರಂದು ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡನ ಮೇಲೆ ಚಾಪೇಕರ್ ಸೋದರರು ಗುಂಡು ಹಾರಿಸಿದರು. 1898ರಲ್ಲಿ ಮುಂಬಯಿಯಲ್ಲಿ ದೊಂಬಿ, 1900ರಲ್ಲಿ ಕಾನಪುರದಲ್ಲಿ ದೊಂಬಿ. ಬಲಾತ್ಕಾರದಿಂದ ರೋಗ ನಿಲ್ಲದು, ರಾಜ್ಯವೇ ಅಲುಗಾಡೀತು ಎಂದು ಸರ್ಕಾರಕ್ಕೆ ಹೊಳೆಯಿತು. ಒಂದೊಂದಾಗಿ ನಿಯಮಗಳು ಸಡಿಲಗೊಂಡವು. ರೋಗವಾದರೋ ಆಗ ತಾನೇ ಪ್ರಾಯಕ್ಕೆ ಬಂದಿತ್ತು. 1907ನೆಯ ಒಂದು ವರ್ಷದಲ್ಲಿಯೇ ಸತ್ತವರು ಸುಮಾರು ಹದಿಮೂರು ಲಕ್ಷ. 1918ರ ವೇಳೆಗೆ ಒಟ್ಟು ಒಂದು ಕೋಟಿ ದಾಟಿತ್ತು.

ಹಾಗಾದರೆ ಜನ ಪ್ರಯಾಣ ಬಿಟ್ಟರೆ? ಇಲ್ಲ. 1900ರಲ್ಲಿ ಹದಿನೇಳು ಕೋಟಿ ಎಂದೆನಷ್ಟೆ. 1910ರ ವೇಳೆಗೆ ಆ ಸಂಖ್ಯೆ ಮೂವತ್ತೇಳು ಕೋಟಿಯಾಗಿತ್ತು. ಪ್ಲೇಗು ಅತಿ ಹೆಚ್ಚು ಜನರನ್ನು ಕೊಂದ ದಶಕದಲ್ಲಿಯೇ ರೈಲು ಪ್ರಯಾಣ ಇಮ್ಮಡಿಯಾಯಿತು. ಪಂಢರಪುರಕ್ಕೂ ಈ ದಶಕದಲ್ಲಿಯೇ ಬಾರ್ಶಿ ಲೈಟ್ ರೈಲ್ವೆಯ ಪುಟ್ಟ ಗಾಡಿ ಬಂದಿತು. ಪಂಡಾಗಳ ವಹಿಗಳಿಗೆ ಹೊಸ ಹಾಳೆಗಳು ಸೇರಿದವು. ಆದರೆ ಯಾತ್ರಿಕನನ್ನು ಕಾಣುವ ಕಣ್ಣು ಬದಲಾಗಲಿಲ್ಲ. ಜಾತ್ರೆಯ ಕಾಲದಲ್ಲಿ ಡಬ್ಬಿಗಳು ಸಾಲದೆ ಬಂದಾಗ ಮುಚ್ಚಿದ ಗೂಡ್ಸ್ ಡಬ್ಬಿಗಳಲ್ಲಿ ಜನರನ್ನು ತುಂಬಿ ಕಳುಹಿಸುತ್ತಿದ್ದರು. 1915ರ ಹರಿದ್ವಾರದ ಕುಂಭಮೇಳಕ್ಕೆ ಹೋದ ಗಾಂಧಿಯವರೇ ಸಹಾರನಪುರದಿಂದ ಮುಂದಕ್ಕೆ ಸರಕಿನ, ದನದ ಡಬ್ಬಿಯಲ್ಲಿ ಪ್ರಯಾಣ ಮಾಡಬೇಕಾಯಿತೆಂದು ಬರೆದಿದ್ದಾರೆ. ಹದಿನೆಂಟು ವರ್ಷಗಳ ಹಿಂದೆ ಸರಕನ್ನು ಬಿಟ್ಟು ಮನುಷ್ಯನನ್ನು ತಡೆದವರು ಈಗ ಮನುಷ್ಯನನ್ನೇ ಸರಕಿನ ಜಾಗದಲ್ಲಿ ಇಟ್ಟರು.

ಪ್ಲೇಗಿನ ಹೆಸರು ಮತ್ತೊಮ್ಮೆ ದೇಶವನ್ನು ನಡುಗಿಸಿದ್ದು 1994ರ ಸೆಪ್ಟೆಂಬರಿನಲ್ಲಿ, ಸೂರತ್ತಿನಲ್ಲಿ. ಲಕ್ಷಾಂತರ ಕೂಲಿಗಳು ಸಿಕ್ಕಿದ ರೈಲು ಹತ್ತಿ ಓಡಿದರು. ಈ ಬಾರಿ ಸಾಲಿನಲ್ಲಿ ನಿಂತವರು ವಿಮಾನದ ಪ್ರಯಾಣಿಕರು. ಕೆಲವು ದೇಶಗಳು ಭಾರತಕ್ಕೆ ವಿಮಾನ ಕಳುಹಿಸುವುದನ್ನೇ ನಿಲ್ಲಿಸಿದವು. ಪ್ರವಾಸದ ಹಂಗಾಮಿನ ಹೊಸ್ತಿಲಲ್ಲಿ ಹೋಟೆಲುಗಳ ಕೋಣೆಗಳು ರದ್ದಾದವು. ಪ್ರಯಾಣಕ್ಕೆ ತಡೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರಲಿಲ್ಲ. ಸತ್ತವರು ಐವತ್ತರ ಆಸುಪಾಸು. ವಾಣಿಜ್ಯ, ಪ್ರವಾಸಗಳಿಗೆಲ್ಲ ಸೇರಿ ದೇಶಕ್ಕಾದ ನಷ್ಟ 170 ಕೋಟಿ ಡಾಲರ್ ಎಂದು ಒಂದು ಅಂದಾಜು. ಭಯ ಬೇಗ ಇಳಿಯಿತು. 1995ರಲ್ಲಿ ಬಂದ ವಿದೇಶಿ ಪ್ರವಾಸಿಗರ ಸಂಖ್ಯೆ ಇಪ್ಪತ್ತು ಲಕ್ಷವನ್ನು ದಾಟಿತು.

2020ರ ಕೊರೊನಾ ಹಾಗೆ ಬೇಗ ಬಿಡಲಿಲ್ಲ. 2019ರಲ್ಲಿ ಭಾರತಕ್ಕೆ 1 ಕೋಟಿ 9 ಲಕ್ಷ ವಿದೇಶಿ ಪ್ರವಾಸಿಗರು ಬಂದಿದ್ದರು; 2020ರಲ್ಲಿ ಬಂದವರು 27 ಲಕ್ಷ, 2021ರಲ್ಲಿ 15 ಲಕ್ಷ. 2020ರ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ಈ ಉದ್ಯಮದಲ್ಲಿ 1 ಕೋಟಿ 45 ಲಕ್ಷ ಮಂದಿಯ ಕೆಲಸ ಹೋಯಿತೆಂಬ ಅಂದಾಜನ್ನು ಸರ್ಕಾರವೇ ಸಂಸತ್ತಿನ ಮುಂದಿಟ್ಟಿತು. ಮಾರ್ಚ್ 17ರಿಂದ ಜುಲೈ 6ರವರೆಗೆ ಪುರಾತತ್ವ ಇಲಾಖೆಯ ಬಹುಪಾಲು ಸ್ಮಾರಕಗಳು ಮುಚ್ಚಿದ್ದವು. ತಾಜಮಹಲಿಗೆ ಬೀಗವೆಂದು ಜಗತ್ತೆಲ್ಲ ಓದಿತು. ಹಂಪಿಯ ಗೈಡು, ಹರಿಗೋಲಿನವನು, ಎಳನೀರಿನವಳು ಆ ಮೂರೂವರೆ ತಿಂಗಳು ಏನು ಉಂಡರೆಂಬುದು ಅಷ್ಟಾಗಿ ಸುದ್ದಿಯಾಗಲಿಲ್ಲ.

1897ರಲ್ಲಿ ನಡೆಯದ ಒಂದು ಸಂಗತಿ ಈ ಬಾರಿ ನಡೆಯಿತು. ಮಾರ್ಚ್ 22ರ ತರುವಾಯ ದೇಶದ ಪ್ರಯಾಣಿಕರ ರೈಲುಗಳೆಲ್ಲ ನಿಂತವು. ಈ ರೋಗ ಮನುಷ್ಯನಿಂದ ಮನುಷ್ಯನಿಗೆ ಉಸಿರಿನಲ್ಲಿ ದಾಟುವಂಥದು. ಆದ್ದರಿಂದ ಪ್ರಯಾಣವನ್ನು ತಡೆದವರ ಬಳಿ ಹಿಂದೆ ಇರದಿದ್ದ ಶಾಸ್ತ್ರದ ಆಧಾರವಿತ್ತು. ಗೂಡ್ಸ್ ಗಾಡಿಗಳು ಮಾತ್ರ ಹಿಂದಿನಂತೆಯೇ ಧಾನ್ಯ ಹೊತ್ತು ಓಡಿದವು, ಓಡಲೇಬೇಕಾಗಿತ್ತು. ಕೂಲಿಗಳು ರೈಲಿಲ್ಲದೆ ರೈಲಿನ ಹಳಿಗಳನ್ನೇ ದಾರಿಯ ಗುರುತಾಗಿ ಹಿಡಿದು ನಡೆದರು. ಮೇ 1ರಿಂದ ಅವರಿಗಾಗಿ ವಿಶೇಷ ಗಾಡಿಗಳನ್ನು ಬಿಟ್ಟರು. ಮೇ 8ರ ಬೆಳಗಿನ ಜಾವ ಔರಂಗಾಬಾದಿನ ಬಳಿ ಹಳಿಗಳ ಮೇಲೆ ದಣಿದು ಮಲಗಿದ್ದ ಹದಿನಾರು ಮಂದಿ ಕೂಲಿಗಳ ಮೇಲೆ ಒಂದು ಗೂಡ್ಸ್ ಗಾಡಿ ಹಾಯ್ದುಹೋಯಿತು. ಪ್ರಯಾಣಿಕರ ಗಾಡಿಯೇ ಇಲ್ಲದ ದಾರಿಯಲ್ಲಿ ಯಾವ ಗಾಡಿಯೂ ಬಾರದೆಂದು ಅವರು ತಿಳಿದಿದ್ದರು. ಜಾಲನಾದಿಂದ ಹೊರಟು ಭುಸಾವಳದವರೆಗೆ ನಡೆದು, ಅಲ್ಲಿ ಮಧ್ಯಪ್ರದೇಶದ ರೈಲು ಹಿಡಿಯಬೇಕೆಂಬುದು ಅವರ ಯೋಚನೆಯಾಗಿತ್ತು.